ಮೊಡವೆಗೆ ಮೂರು ತಿಂಗಳು: ಮುಖ ತೊಳೆಯುವುದರಿಂದ ಊಟದ ತಟ್ಟೆಯವರೆಗೆ

ಜೂನ್‌ನಲ್ಲಿ ನನ್ನ ತಂಗಿಯ ಮಗಳು ಮೂಡಿಗೆರೆಯಿಂದ ಹಾಸನಕ್ಕೆ ಪಿಯುಸಿ ಓದಲು ಬಂದಳು. ನಮ್ಮ ಮನೆಯಲ್ಲೇ ಇದ್ದಾಳೆ. ಬಂದ ಒಂದು ವಾರದಲ್ಲೇ ನನಗೆ ಗೊತ್ತಾಯಿತು. ದಿನಕ್ಕೆ ಐದಾರು ಸಲ ಮುಖ ತೊಳೆಯುತ್ತಾಳೆ. ಊಟಕ್ಕೆ ಕೂತಾಗಲೂ ಎಡಗೈ ಕೆನ್ನೆಯ ಮೇಲೆ. ಯಾರಾದರೂ ಫೋಟೋ ತೆಗೆಯಲು ಹೋದರೆ ಹಿಂದಿನ ಸಾಲಿಗೆ ಸರಿಯುತ್ತಾಳೆ. ಒಂದು ರಾತ್ರಿ "ದೊಡ್ಡಮ್ಮ, ಇದಕ್ಕೇನಾದ್ರೂ ಮಾಡಿ" ಅಂತ ಒಂದು ಕವರ್ ತಂದು ಹಾಸಿಗೆ ಮೇಲೆ ಸುರಿದಳು. ಏಳು ಟ್ಯೂಬು, ಬಾಟಲಿಗಳು. ಬೇವಿನ ಫೇಸ್‌ವಾಶ್, ತರಿತರಿಯಾದ ಸ್ಕ್ರಬ್, ನಿಂಬೆಯ ಫೇಸ್‌ಪ್ಯಾಕ್, ಗೆಳತಿ ಕೊಟ್ಟ ಸೀರಮ್, ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಕೊಟ್ಟ ಒಂದು ಕ್ರೀಮ್, ಹೀಗೆ.

ಏಳರಲ್ಲಿ ಆರನ್ನು ಅವತ್ತೇ ಎತ್ತಿಟ್ಟೆವು.

ನಾನು ಡಾಕ್ಟರ್ ಅಲ್ಲ. 14ನೇ ವಯಸ್ಸಿಗೆ ಶುರುವಾದ ಮೊಡವೆ ನನಗೆ 30 ದಾಟಿದರೂ ಬಿಡಲಿಲ್ಲ. ಎರಡೂ ಕೆನ್ನೆಯಲ್ಲಿ ಅದರ ಗುಳಿಗಳಿವೆ. ಸರಿಯಾದ ಹೊತ್ತಿಗೆ ಯಾರಾದರೂ ನಾಲ್ಕು ಮಾತು ಹೇಳಿದ್ದರೆ ಇವುಗಳಲ್ಲಿ ಎಷ್ಟೋ ಬೀಳುತ್ತಲೇ ಇರಲಿಲ್ಲ. ಚರ್ಮದ ಡಾಕ್ಟರ್‌ಗಳನ್ನು ಕೇಳಿ, ಓದಿ, ನನ್ನ ಮುಖದ ಮೇಲೇ ನೋಡಿ ತಿಳಿದದ್ದನ್ನು ಅವಳಿಗೆ ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಮಾಡಬೇಕಾದ್ದು ಸ್ವಲ್ಪವೇ. ಆದರೆ ಅಷ್ಟನ್ನು ಬಿಡದೆ ಮೂರು ತಿಂಗಳು ಮಾಡಬೇಕು.

ಮೊಡವೆ ಎಲ್ಲಿಂದ ಬರುತ್ತೆ

ನಮ್ಮ ಚರ್ಮದಲ್ಲಿ ಪ್ರತಿ ಕೂದಲಿನ ಬುಡದಲ್ಲೂ ಒಂದು ಸಣ್ಣ ಕೊಳವೆ ಇದೆ. ಅದಕ್ಕೆ ಅಂಟಿಕೊಂಡ ಹಾಗೆ ಜಿಡ್ಡು ಸುರಿಸುವ ಗ್ರಂಥಿ ಇದೆ. ಹನ್ನೆರಡು, ಹದಿಮೂರರ ವಯಸ್ಸಿಗೆ ಮೈಯಲ್ಲಿ ಆಂಡ್ರೋಜನ್ ಎಂಬ ಹಾರ್ಮೋನು ಏರುತ್ತದೆ. ಇದು ಹುಡುಗರಲ್ಲೂ ಹುಡುಗಿಯರಲ್ಲೂ ಇರುತ್ತದೆ. ಅದು ಏರಿದಾಗ ಗ್ರಂಥಿ ಜಾಸ್ತಿ ಜಿಡ್ಡು ಸುರಿಸುತ್ತದೆ. ಅದೇ ಹೊತ್ತಿಗೆ ಕೊಳವೆಯ ಒಳಗೋಡೆಯ ಸತ್ತ ಪದರಗಳು ಉದುರಿ ಹೊರಗೆ ಬರದೆ, ಜಿಡ್ಡಿನಲ್ಲಿ ಅಂಟಿ ಬಾಯಿ ಕಟ್ಟುತ್ತವೆ. ಒಳಗೆ ಮೊದಲಿಂದಲೂ ವಾಸ ಇರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚುತ್ತದೆ. ಮೈ ಅದಕ್ಕೆ ತಿರುಗಿ ಬೀಳುತ್ತದೆ. ಕೆಂಪು, ಊತ, ಕೀವು, ನೋವು ಎಲ್ಲ ಅದರಿಂದಲೇ.

ಇದರಲ್ಲಿ ಕೊಳೆ ಎಲ್ಲೂ ಇಲ್ಲ, ಗಮನಿಸಿದಿರಾ? ಮೂಗಿನ ಮೇಲಿನ ಕಪ್ಪು ಚುಕ್ಕೆ ಕೂಡ ಧೂಳಲ್ಲ. ಬಾಯಿ ತೆರೆದ ಕೊಳವೆಯಲ್ಲಿ ಕಟ್ಟಿಕೊಂಡ ಜಿಡ್ಡು ಮತ್ತು ಚರ್ಮದ ಬಣ್ಣ ಗಾಳಿ ತಾಗಿ ಕಪ್ಪಾಗಿರುತ್ತದೆ, ಅಷ್ಟೇ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. "ಮುಖ ಸರಿಯಾಗಿ ತೊಳಿ" ಅಂತ ಮಕ್ಕಳಿಗೆ ಗದರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಇನ್ನೊಂದು ಸಲ ಓದಿ.

ಇನ್ನೊಂದು ವಿಷಯ. ಇವತ್ತು ಕಾಣುವ ಮೊಡವೆ ಇವತ್ತಿನದಲ್ಲ. ಕೊಳವೆಯ ಬಾಯಿ ಕಟ್ಟಲು ಶುರುವಾಗಿ, ಅದು ಹೊರಗೆ ಕಾಣುವ ಹೊತ್ತಿಗೆ ವಾರಗಟ್ಟಲೆ ಆಗಿರುತ್ತದೆ, ಕೆಲವು ಸಲ ಎರಡು ತಿಂಗಳು. ನಿನ್ನೆ ತಿಂದ ಬೋಂಡಾ ಇವತ್ತು ಹಣೆಯ ಮೇಲೆ ಏಳುವುದಿಲ್ಲ. ನಿನ್ನೆ ಹಚ್ಚಿದ ಔಷಧಿಯ ಗುಣ ಇವತ್ತು ಕಾಣುವುದೂ ಇಲ್ಲ. ಮೂರು ತಿಂಗಳು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಮೊದಲ ಹೆಜ್ಜೆ: ಕನ್ನಡಿ ಮುಂದೆ ಐದು ನಿಮಿಷ

ಬೆಳಗಿನ ಬೆಳಕಿನಲ್ಲಿ ಕಿಟಕಿ ಹತ್ತಿರ ನಿಂತು ನೋಡಿ. ಕೀವು, ಕೆಂಪು ಇಲ್ಲದ ಸಣ್ಣ ಬಿಳಿ ಅಥವಾ ಕಪ್ಪು ಚುಕ್ಕೆಗಳೇ ಜಾಸ್ತಿ ಇದ್ದರೆ ಅದು ಹಗುರ ಬಗೆ. ಕೆಂಪು ಗುಳ್ಳೆ, ತುದಿಯಲ್ಲಿ ಕೀವು ಇರುವವು ಸೇರಿದ್ದರೆ ಮಧ್ಯಮ. ಒತ್ತಿದರೆ ಒಳಗೆ ಗಂಟು ಸಿಗುತ್ತದೆ, ಮುಟ್ಟಲೂ ಆಗದಷ್ಟು ನೋವು, ಹೋದ ಜಾಗದಲ್ಲಿ ಗುಳಿ ಬೀಳುತ್ತಿದೆ ಅಂದರೆ ಇಲ್ಲಿ ಓದುವುದನ್ನು ನಿಲ್ಲಿಸಿ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ನಾನು ಹೋಗದೆ ಮೂರು ವರ್ಷ ಕಳೆದೆ. ಗುಳಿಗಳು ಆ ಮೂರು ವರ್ಷದವೇ.

ಹುಡುಗಿಯರಿಗೆ, ಹೆಂಗಸರಿಗೆ ಇನ್ನೊಂದು ಮಾತು. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತಿಲ್ಲ, ಗದ್ದದ ಮೇಲೆ ಒರಟು ಕೂದಲು ಬರುತ್ತಿದೆ, ತೂಕ ಏರುತ್ತಿದೆ, ಜೊತೆಗೆ ದವಡೆ ಸುತ್ತ ಮೊಡವೆ ಇದೆ ಅಂದರೆ ಪಿಸಿಓಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇರಬಹುದು. ಆಗ ಬರೀ ಮುಖಕ್ಕೆ ಹಚ್ಚಿ ಪ್ರಯೋಜನವಿಲ್ಲ. ಹೆಂಗಸರ ಡಾಕ್ಟರ್‌ಗೂ ತೋರಿಸಿ.

ಮೊಡವೆ ಅಲ್ಲದ ಮೊಡವೆಯೂ ಉಂಟು. ಹಣೆ, ಎದೆ, ಬೆನ್ನಿನ ಮೇಲೆ ಎಲ್ಲ ಒಂದೇ ಗಾತ್ರದ ಸಣ್ಣ ಗುಳ್ಳೆಗಳೆದ್ದು ಚೆನ್ನಾಗಿ ತುರಿಸುತ್ತಿದ್ದರೆ ಅದು ಮಲಸೀಜಿಯಾ ಎಂಬ ಶಿಲೀಂಧ್ರದಿಂದ ಇರಬಹುದು. ತೇವ, ಬೆವರು, ಬಿಗಿ ಬಟ್ಟೆ ಅದಕ್ಕೆ ಇಷ್ಟ. ನಮ್ಮ ಮಲೆನಾಡಿನ ಕಡೆ ಮಳೆಗಾಲದಲ್ಲಿ ಬಟ್ಟೆ ಪೂರ್ತಿ ಒಣಗುವುದೇ ಇಲ್ಲವಲ್ಲ. ಹಸಿ ಬನಿಯನ್ ಮೇಲೆ ಸ್ವೆಟರ್ ಹಾಕಿ ದಿನವಿಡೀ ಇದ್ದರೆ ಬೆನ್ನು ಏನಾಗಬೇಕು? ಇದಕ್ಕೆ ಔಷಧಿಯೇ ಬೇರೆ. ಮೊಡವೆಗೆ ಕೊಡುವ ಆಂಟಿಬಯಾಟಿಕ್ ತಿಂದರೆ ಇದು ಹೆಚ್ಚಾಗಬಹುದು. ತುರಿಕೆ ಇದೆಯಾ ಅನ್ನುವುದೇ ಮುಖ್ಯ ಗುರುತು.

ನೋಡಿದ್ದಾದ ಮೇಲೆ ಮೂರು ಫೋಟೋ ತೆಗೆದಿಡಿ: ಎದುರಿನದು, ಎಡ, ಬಲ. ತಾರೀಕು ಬರೆದಿಡಿ. ದಿನಾ ಕನ್ನಡಿ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ. ಫೋಟೋದಲ್ಲಿ ಕಾಣುತ್ತದೆ.

ಎರಡನೇ ಹೆಜ್ಜೆ: ನಿಲ್ಲಿಸಬೇಕಾದ್ದನ್ನು ನಿಲ್ಲಿಸಿ

ಇದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಅಂತ ನನ್ನ ನಂಬಿಕೆ. ಅವಳ ಕವರಿನಲ್ಲಿದ್ದ ಆ ಚೀಟಿ ಇಲ್ಲದ ಕ್ರೀಮಿನ ಟ್ಯೂಬ್ ತಿರುಗಿಸಿ, ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿದೆ. ಮೊಮೆಟಸೋನ್ ಅಂತ ಇತ್ತು. ಅದು ಸ್ಟೀರಾಯ್ಡ್. ನಿಮ್ಮ ಟ್ಯೂಬಿನಲ್ಲಿ ಬೀಟಾಮೆಥಸೋನ್, ಕ್ಲೋಬೆಟಸೋಲ್, ಫ್ಲುಸಿನೋಲೋನ್ ಅಂತ ಇರಬಹುದು. ಅವೂ ಅದೇ ಜಾತಿ. ಇವು ಕೆಟ್ಟ ಔಷಧಿಗಳಲ್ಲ. ಕಜ್ಜಿ, ಸೋರಿಯಾಸಿಸ್‌ಗೆ ಡಾಕ್ಟರ್ ಲೆಕ್ಕ ಹಾಕಿ ಕೊಡುತ್ತಾರೆ. ಮೊಡವೆ ಮುಖಕ್ಕೆ ಹಚ್ಚಿದರೆ ಕಥೆ ಬೇರೆ. ಮೊದಲ ವಾರ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗೆ ಕಾಣುತ್ತದೆ. "ಎಷ್ಟು ಒಳ್ಳೆ ಕ್ರೀಮು!" ಅನ್ನಿಸುತ್ತದೆ. ತಿಂಗಳುಗಟ್ಟಲೆ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಕಾಣುತ್ತವೆ, ಬಿಸಿಲಿಗೆ ಉರಿಯುತ್ತದೆ, ಹೊಸ ಮೊಡವೆಗಳು ಗುಂಪು ಗುಂಪಾಗಿ ಏಳುತ್ತವೆ, ಕೂದಲೂ ಬರುತ್ತದೆ. ಬಿಟ್ಟರೆ ಮುಖ ಇನ್ನೂ ಕೆಡುತ್ತದೆ. ಹೆದರಿ ಮತ್ತೆ ಹಚ್ಚುತ್ತೇವೆ.

ನಮ್ಮ ದೇಶದಲ್ಲಿ ಈ ತೊಂದರೆ ಎಷ್ಟು ಹಬ್ಬಿದೆ ಅಂದರೆ ಇಲ್ಲಿನ ಚರ್ಮ ವೈದ್ಯರು ಸ್ಟೀರಾಯ್ಡ್‌ನಿಂದ ಕೆಟ್ಟ ಮುಖಕ್ಕೆ ಬೇರೆ ಹೆಸರನ್ನೇ ಇಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಬಿಗಿಯಾಗಿ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಕೈಗೆ ಸಿಗುತ್ತಿದೆ. ಟ್ಯೂಬ್ ತಿರುಗಿಸಿ ಓದುವ ಅಭ್ಯಾಸ ನಾವೇ ಮಾಡಿಕೊಳ್ಳಬೇಕು. ತುಂಬಾ ದಿನದಿಂದ ಹಚ್ಚುತ್ತಿದ್ದರೆ ಒಬ್ಬರೇ ಬಿಡಲು ಹೋಗಬೇಡಿ. ಡಾಕ್ಟರ್ ಹತ್ತಿರ ಟ್ಯೂಬ್ ಸಮೇತ ಹೋಗಿ. ಅವಳು ಹಚ್ಚಿದ್ದು ಹತ್ತೇ ದಿನ, ಪುಣ್ಯ.

ಅಡುಗೆಮನೆ ಮದ್ದುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಿಂಬೆರಸ ಬೇಡ. ಅದು ಕಟು ಆಮ್ಲ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಕಪ್ಪು ಕಲೆ ಬೀಳುತ್ತದೆ. ಟೂತ್‌ಪೇಸ್ಟ್ ಬೇಡ. ಅಡುಗೆ ಸೋಡಾ ಬೇಡ. ಸಕ್ಕರೆ, ಉಪ್ಪು, ವಾಲ್‌ನಟ್ ಸಿಪ್ಪೆ ಹಾಕಿದ ಯಾವ ಸ್ಕ್ರಬ್ಬೂ ಬೇಡ. ಕಡಲೆಹಿಟ್ಟು, ಅರಿಶಿನ ಅಜ್ಜಿ ಕಾಲದಿಂದ ಬಂದದ್ದು, ಹಬ್ಬಕ್ಕೆ ಒಂದು ದಿನ ಹಚ್ಚಿದರೆ ಏನೂ ಆಗುವುದಿಲ್ಲ. ಆದರೆ ಮೊಡವೆ ಇದ್ದಾಗ ಒಣಗಿದ ಹಿಟ್ಟನ್ನು ಉಜ್ಜಿ ತೆಗೆಯಬೇಡಿ, ನೆನೆಸಿ ತೊಳೆಯಿರಿ.

ಮತ್ತೆ, ಹಿಸುಕಬೇಡಿ. ಹೇಳುವುದು ಸುಲಭ ಅಂತ ಗೊತ್ತು. ಓದುವಾಗ ಅವಳ ಕೈ ತಾನಾಗೇ ಮುಖಕ್ಕೆ ಹೋಗುತ್ತಿತ್ತು. ಎಡಗೈಗೆ ಒಂದು ರಬ್ಬರ್ ಬ್ಯಾಂಡ್ ಕೊಟ್ಟೆ, ಕೈಗೆ ಕೆಲಸ ಇರಲಿ ಅಂತ. ಅರ್ಧ ಕಡಿಮೆಯಾಯಿತು.

ಮೂರನೇ ಹೆಜ್ಜೆ: ಮೊದಲ ಎರಡು ವಾರ, ಮೂರೇ ವಸ್ತು

ಔಷಧಿ ಇನ್ನೂ ಬೇಡ. ಉಜ್ಜಿ ಉಜ್ಜಿ ದಣಿದ ಚರ್ಮ ಮೊದಲು ಸುಧಾರಿಸಿಕೊಳ್ಳಲಿ.

ಒಂದು, ಮೃದುವಾದ ಫೇಸ್‌ವಾಶ್. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಮಧ್ಯೆ ಚೆನ್ನಾಗಿ ಬೆವರಿದರೆ ಇನ್ನೊಂದು ಸಲ. ಅಷ್ಟೇ. ಬೆರಳ ತುದಿಯಲ್ಲಿ ಅರ್ಧ ನಿಮಿಷ ಸವರಿ ತೊಳೆಯಿರಿ. ಬಟ್ಟೆ ಸೋಪು, ಮೈ ಸೋಪು ಮುಖಕ್ಕೆ ಬೇಡ. ತೊಳೆದ ಮೇಲೆ ಮುಖ ಬಿಗಿದ ಹಾಗೆ ಆದರೆ ಆ ಫೇಸ್‌ವಾಶ್ ನಿಮಗೆ ಜೋರಾಯಿತು ಅಂತ ಅರ್ಥ. ಡಿಸೆಂಬರ್ ಚಳಿಯಲ್ಲಿ ಹಂಡೆಯ ಸುಡುನೀರನ್ನು ಮುಖಕ್ಕೆ ಎರಚಿಕೊಳ್ಳುವುದು ಎಷ್ಟು ಹಿತ ಅಲ್ವಾ? ಆದರೆ ಅದೇ ಚರ್ಮದ ತೇವವನ್ನೆಲ್ಲ ಎಳೆದುಬಿಡುತ್ತದೆ. ಉಗುರು ಬೆಚ್ಚಗಿನ ನೀರು ಸಾಕು. ಒರೆಸಲು ನಿಮ್ಮದೇ ಒಂದು ತೆಳು ಹತ್ತಿ ಬಟ್ಟೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ದಪ್ಪ ಟವೆಲ್ ಒಣಗದೆ ಮುಗ್ಗಲು ವಾಸನೆ ಬರುತ್ತದೆ. ಅದನ್ನು ಮುಖಕ್ಕೆ ಒತ್ತಬೇಡಿ.

ಎರಡು, ಮಾಯಿಶ್ಚರೈಸರ್. "ಮೊದಲೇ ಎಣ್ಣೆ ಮುಖ, ಇದು ಬೇರೆ ಹಚ್ಚಬೇಕಾ?" ಅಂತ ಎಲ್ಲರೂ ಕೇಳುತ್ತಾರೆ. ಹಚ್ಚಬೇಕು. ಮುಂದೆ ಬರುವ ಔಷಧಿಗಳೆಲ್ಲ ಚರ್ಮ ಒಣಗಿಸುತ್ತವೆ. ಒಣಗಿದ ಮುಖ ಉರಿಯುತ್ತದೆ, ಉರಿದರೆ ಔಷಧಿ ಬಿಟ್ಟುಬಿಡುತ್ತೀರಿ. ಜೆಲ್ ಅಥವಾ ತೆಳು ಲೋಷನ್ ಆರಿಸಿ, ಮೇಲೆ ನಾನ್ ಕಾಮಿಡೋಜೆನಿಕ್ ಅಂತ ಬರೆದಿರಬೇಕು. ರಂಧ್ರ ಕಟ್ಟುವುದಿಲ್ಲ ಅಂತ ಅದರ ಅರ್ಥ.

ಮೂರು, ಬೆಳಿಗ್ಗೆ ಸನ್‌ಸ್ಕ್ರೀನ್, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲೆ. ತೋರುಬೆರಳು, ಮಧ್ಯದ ಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದರೆ ಮುಖ, ಕತ್ತಿಗೆ ಸರಿಹೋಗುತ್ತದೆ. ನಮ್ಮ ಕಡೆ ತಂಪು ಅಂತ ಇದನ್ನು ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ. ಆದರೆ ತಂಪಿಗೂ ಅತಿನೇರಳೆ ಕಿರಣಕ್ಕೂ ಸಂಬಂಧ ಇಲ್ಲ. ಪ್ರತಿ 1,000 ಮೀಟರ್ ಎತ್ತರಕ್ಕೆ ಆ ಕಿರಣ ಸುಮಾರು ಶೇ. 10ರಷ್ಟು ಜಾಸ್ತಿಯಾಗುತ್ತದೆ. ಚಿಕ್ಕಮಗಳೂರು ಊರೇ 1,000 ಮೀಟರ್ ಮೇಲಿದೆ, ಮುಳ್ಳಯ್ಯನಗಿರಿ 1,930 ಮೀಟರ್. ಮೋಡ ಇದ್ದರೂ ಕಿರಣ ತೂರಿ ಬರುತ್ತದೆ. ನಮ್ಮಂಥ ಗೋಧಿ, ಕಂದು ಬಣ್ಣದ ಚರ್ಮದಲ್ಲಿ ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆ ಬಿಸಿಲಿಗೆ ಇನ್ನೂ ಗಾಢವಾಗುತ್ತದೆ. ಹೆಚ್ಚಿನವರಿಗೆ ಮೊಡವೆಗಿಂತ ಆ ಕಲೆಯ ಚಿಂತೆಯೇ ದೊಡ್ಡದು.

ಇದೇ ಎರಡು ವಾರದಲ್ಲಿ ತಲೆಗೆ ಹಚ್ಚುವ ಎಣ್ಣೆಯನ್ನೂ ನೋಡಿಕೊಳ್ಳಿ. ಅರಸೀಕೆರೆಯ ತೆಂಗು ನಮ್ಮ ಜಿಲ್ಲೆಯ ಹೆಮ್ಮೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಇಲ್ಲದ ದಿನವಿಲ್ಲ. ಕೂದಲಿಗೆ ಒಳ್ಳೆಯದೇ. ಆದರೆ ರಾತ್ರಿಯಿಡೀ ತಲೆ ತುಂಬ ಎಣ್ಣೆ ಇದ್ದರೆ ಅದು ಹಣೆಗೆ, ತಲೆದಿಂಬಿಗೆ, ಅಲ್ಲಿಂದ ಕೆನ್ನೆಗೆ ಇಳಿಯುತ್ತದೆ. ಕೊಬ್ಬರಿ ಎಣ್ಣೆ ರಂಧ್ರ ಕಟ್ಟುವಂಥದ್ದು. ಕೂದಲಿನ ಗಡಿಯಲ್ಲೇ, ಕಿವಿಯ ಮುಂದೆಯೇ ಮೊಡವೆ ಸಾಲುಗಟ್ಟಿದ್ದರೆ ಎಣ್ಣೆಯ ಮೇಲೆ ಅನುಮಾನ ಪಡಿ. ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಹಚ್ಚಿ, ತೊಳೆದುಬಿಡಿ. ದಿಂಬಿನ ಕವರ್ ವಾರಕ್ಕೆ ಎರಡು ಸಲ ಬದಲಿಸಿ. ನಮ್ಮ ಹುಡುಗಿಯ ಹಣೆ ಅರ್ಧ ಸರಿಹೋದದ್ದು ಇದೊಂದರಿಂದಲೇ ಅಂತ ನನಗನ್ನಿಸುತ್ತದೆ.

ಹೆಲ್ಮೆಟ್ಟಿನ ಗದ್ದದ ಪಟ್ಟಿ, ಚಳಿಗೆ ಸುತ್ತುವ ಮಫ್ಲರ್, ಉಣ್ಣೆ ಟೋಪಿ ಒತ್ತಿ ಉಜ್ಜುವ ಜಾಗದಲ್ಲೂ ಮೊಡವೆ ಏಳುತ್ತದೆ. ಅವನ್ನು ಆಗಾಗ ಒಗೆಯಿರಿ, ಒಳಗೆ ಹತ್ತಿ ಕರ್ಚೀಫ್ ಇರಲಿ. ಗಡ್ಡ ತೆಗೆಯುವ ಹುಡುಗರು ಕೂದಲು ಬೆಳೆದ ದಿಕ್ಕಿಗೇ ರೇಜರ್ ಎಳೆಯಿರಿ.

ನಾಲ್ಕನೇ ಹೆಜ್ಜೆ: ಮೂರನೇ ವಾರದಿಂದ ಒಂದೇ ಒಂದು ಔಷಧಿ

ಒಂದೇ. ಎರಡು ಒಟ್ಟಿಗೆ ಶುರು ಮಾಡಿದರೆ ಉರಿದಾಗ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಒಂದು ಸಲ ಡಾಕ್ಟರ್‌ಗೆ ತೋರಿಸಿ ಆರಿಸಿಕೊಂಡರೆ ಒಳ್ಳೆಯದು. ಹಾಸನದ ಹಿಮ್ಸ್ ಬೋಧನಾ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಸರ್ಕಾರಿ ಆಸ್ಪತ್ರೆ ಅಂತ ಹಿಂಜರಿಯಬೇಡಿ.

ಬರೀ ಕಪ್ಪು, ಬಿಳಿ ಚುಕ್ಕೆ ಇದ್ದರೆ ಶೇ. 2ರ ಸ್ಯಾಲಿಸಿಲಿಕ್ ಆಮ್ಲದಿಂದ ಶುರು ಮಾಡಬಹುದು. ಅದು ಜಿಡ್ಡಿನಲ್ಲಿ ಕರಗುತ್ತದೆ, ಹಾಗಾಗಿ ಕೊಳವೆಯ ಒಳಗೆ ಇಳಿದು ಕಟ್ಟಿದ್ದನ್ನು ಸಡಿಲ ಮಾಡುತ್ತದೆ.

ಕೆಂಪು ಗುಳ್ಳೆ, ಕೀವು ಇದ್ದರೆ ಬೆಂಜೋಯಿಲ್ ಪೆರಾಕ್ಸೈಡ್. ಶೇ. 2.5ರದ್ದೇ ಸಾಕು. ಶೇ. 10ರದ್ದು ಹಚ್ಚಿದರೆ ಗುಣ ನಾಲ್ಕು ಪಟ್ಟು ಆಗುವುದಿಲ್ಲ, ಉರಿ ಮಾತ್ರ ಜಾಸ್ತಿ. ಇದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಅದಕ್ಕೆ ಔಷಧಿ ರೂಢಿಯಾಗುವ ತೊಂದರೆಯೂ ಇಲ್ಲ. ಬಣ್ಣದ ಬಟ್ಟೆಗೆ ತಾಗಿದರೆ ಬಿಳಿಚಿಕೊಳ್ಳುತ್ತದೆ. ಬಿಳಿ ದಿಂಬಿನ ಕವರ್ ಹಾಕಿಕೊಳ್ಳಿ.

ನನಗೆ ಹೆಚ್ಚು ನಂಬಿಕೆ ಇರುವುದು ಅಡಾಪಲೀನ್ ಜೆಲ್ ಮೇಲೆ, ಶೇ. 0.1ರದ್ದು. ಇದು ವಿಟಮಿನ್ ಎ ಕುಟುಂಬದ್ದು. ಕೊಳವೆಯ ಬಾಯಿ ಕಟ್ಟುವ ಮೊದಲ ಕೆಲಸವನ್ನೇ ತಡೆಯುತ್ತದೆ. ಕಂಡ ಮೊಡವೆಯ ಮೇಲೆ ಮಾತ್ರ ಅಲ್ಲ, ಪೂರ್ತಿ ಮುಖಕ್ಕೆ ಹಚ್ಚಬೇಕು. ಯಾಕಂದರೆ ಮುಂದಿನ ತಿಂಗಳು ಏಳಬೇಕಾದವು ಇವತ್ತು ಕಣ್ಣಿಗೆ ಕಾಣುತ್ತಿಲ್ಲ. ಹಚ್ಚುವ ಕ್ರಮ ಹೀಗೆ. ರಾತ್ರಿ ಮುಖ ತೊಳೆದು ಹದಿನೈದು, ಇಪ್ಪತ್ತು ನಿಮಿಷ ಪೂರ್ತಿ ಒಣಗಲು ಬಿಡಿ. ಒಂದು ಬಟಾಣಿ ಕಾಳಿನಷ್ಟು ಜೆಲ್ ತೆಗೆದು ಹಣೆ, ಎರಡು ಕೆನ್ನೆ, ಮೂಗು, ಗದ್ದಕ್ಕೆ ಚುಕ್ಕೆ ಇಟ್ಟು ತೆಳುವಾಗಿ ಹರಡಿ. ಕಣ್ಣಿನ ಸುತ್ತ, ತುಟಿಯ ಅಂಚು, ಮೂಗಿನ ಮೂಲೆ ಬಿಡಿ. ಮೇಲೆ ಮಾಯಿಶ್ಚರೈಸರ್. ಮೊದಲ ಎರಡು ವಾರ, ವಾರಕ್ಕೆ ಮೂರು ರಾತ್ರಿ. ತಡೆದುಕೊಂಡರೆ ದಿನ ಬಿಟ್ಟು ದಿನ, ಆಮೇಲೆ ದಿನಾ.

ಮೊದಲ ತಿಂಗಳು ಮೊಡವೆ ಸ್ವಲ್ಪ ಜಾಸ್ತಿಯೂ ಆಗಬಹುದು, ಸಿಪ್ಪೆ ಏಳಬಹುದು. ಹೆಚ್ಚಿನವರು ಕೈ ಬಿಡುವುದು ಇಲ್ಲೇ. ಅವಳೂ ನಾಲ್ಕನೇ ವಾರ ಅತ್ತಳು. "ಇದನ್ನ ಹಚ್ಚಿದ್ಮೇಲೆ ಜಾಸ್ತಿ ಆಯ್ತು ದೊಡ್ಡಮ್ಮ." ಎರಡು ರಾತ್ರಿ ಬಿಡಿಸಿ, ಮತ್ತೆ ನಿಧಾನವಾಗಿ ಶುರು ಮಾಡಿದೆವು. ನಿಲ್ಲಿಸಲಿಲ್ಲ. ಆದರೆ ಮುಖ ಊದಿಕೊಂಡರೆ, ನೀರುಗುಳ್ಳೆ ಎದ್ದರೆ ಅದು ಅಲರ್ಜಿ. ಆಗ ನಿಲ್ಲಿಸಿ ಡಾಕ್ಟರ್‌ಗೆ ತೋರಿಸಿ.

ಗರ್ಭಿಣಿಯರು ಮತ್ತು ಮಗುವಿಗೆ ಪ್ರಯತ್ನಿಸುತ್ತಿರುವವರು ಅಡಾಪಲೀನ್ ಹಚ್ಚಬಾರದು. ಅವರಿಗೆ ಅಜಿಲಾಯಿಕ್ ಆಮ್ಲ ಇದೆ, ಡಾಕ್ಟರನ್ನು ಕೇಳಿ ಬಳಸಬಹುದು. ಅದು ಕಪ್ಪು ಕಲೆಗೂ ಒಳ್ಳೆಯದು. ಕ್ಲಿಂಡಾಮೈಸಿನ್ ಎಂಬ ಆಂಟಿಬಯಾಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚುವವರು ನಮ್ಮಲ್ಲಿ ತುಂಬಾ ಜನ. ಹಾಗೆ ಮಾಡಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದನ್ನೇ ಬಿಡುತ್ತದೆ. ಅದರ ಜೊತೆ ಬೆಂಜೋಯಿಲ್ ಪೆರಾಕ್ಸೈಡ್ ಇರಲೇಬೇಕು.

ಐದನೇ ಹೆಜ್ಜೆ: ತಟ್ಟೆಯಲ್ಲಿ ಏನಿದೆ

"ಉಷ್ಣ ಜಾಸ್ತಿ ಆಗಿದೆ, ಅದಕ್ಕೆ ಮೊಡವೆ" ಅಂತ ನಮ್ಮ ಅಮ್ಮ ಹೇಳುತ್ತಿದ್ದರು. ಮಾವಿನಹಣ್ಣು ಬಂದ್, ಕರಿದದ್ದು ಬಂದ್, ಕಾಫಿ ಬಂದ್. ಊಟದ ಪಾತ್ರ ಇದೆ, ಇಲ್ಲ ಅಂತ ಹೇಳುತ್ತಿಲ್ಲ. ಆದರೆ ಅಮ್ಮ ಬಂದ್ ಮಾಡಿದವು ಮುಖ್ಯ ಅಪರಾಧಿಗಳಲ್ಲ.

ಹೆಚ್ಚು ಆಧಾರ ಇರುವುದು ಸಕ್ಕರೆ, ಮೈದಾ, ನುಣ್ಣಗೆ ಮಾಡಿದ ಪಿಷ್ಟದ ವಿರುದ್ಧ. ಇವು ರಕ್ತದಲ್ಲಿ ಸಕ್ಕರೆಯನ್ನು ಸರಕ್ಕನೆ ಏರಿಸುತ್ತವೆ. ಇನ್ಸುಲಿನ್ ಏರುತ್ತದೆ, ಅದರ ಜೊತೆ ಐಜಿಎಫ್-1 ಎಂಬ ಹಾರ್ಮೋನು. ಇವೆರಡೂ ಜಿಡ್ಡಿನ ಗ್ರಂಥಿಯನ್ನು ಕೆರಳಿಸುತ್ತವೆ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 15ರಿಂದ 25 ವಯಸ್ಸಿನ ಹುಡುಗರಿಗೆ 12 ವಾರ ಇಂಥ ಆಹಾರ ಇಳಿಸಿ, ಪ್ರೋಟೀನ್ ಏರಿಸಿ ನೋಡಿದರು. ಮಾಮೂಲಿ ಊಟ ಮಾಡಿದವರಿಗಿಂತ ಅವರ ಮೊಡವೆ ಹೆಚ್ಚು ಇಳಿಯಿತು. ತೂಕವೂ ಇಳಿದಿತ್ತು, ಹಾಗಾಗಿ ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಪಪುವಾ ನ್ಯೂಗಿನಿಯ ಕಿಟಾವಾ ಎಂಬ ದ್ವೀಪದಲ್ಲಿ ಸುಮಾರು 1,200 ಜನರನ್ನು ನೋಡಿದ ಸಂಶೋಧಕರಿಗೆ ಒಂದೂ ಮೊಡವೆ ಸಿಗಲಿಲ್ಲ ಅಂತ 2002ರಲ್ಲಿ ಪ್ರಕಟವಾಯಿತು. ಅವರ ಊಟ ಗೆಡ್ಡೆ, ಹಣ್ಣು, ಮೀನು, ತೆಂಗಿನಕಾಯಿ. ವಂಶ, ಬದುಕಿನ ರೀತಿ ಎಲ್ಲ ಬೇರೆಯೇ, ಅವರನ್ನು ನಮಗೆ ಹೋಲಿಸಲಾಗದು. ಆದರೂ ಕಾಯಿ ಚಟ್ನಿಗೆ ಹೆದರಬೇಕಿಲ್ಲ ಅನ್ನುವ ಧೈರ್ಯ ನನಗೆ ಬಂತು.

ಈಗ ನಮ್ಮ ಊರಿಗೆ ಬನ್ನಿ. ಅಯ್ಯಂಗಾರ್ ಬೇಕರಿಗಳ ತವರು ಹಾಸನ ಜಿಲ್ಲೆ. ಸಂಜೆ ಕಾಲೇಜು ಬಿಟ್ಟ ಮೇಲೆ ಖಾರಾ ಬನ್, ದಿಲ್‌ಪಸಂದ್, ಪಫ್, ಜೊತೆಗೆ ಒಂದು ತಂಪು ಪಾನೀಯ. ಪಿಜಿಯಲ್ಲಿರುವ ಮಕ್ಕಳಿಗೆ ಎಷ್ಟೋ ದಿನ ಅದೇ ರಾತ್ರಿ ಊಟ. ಬೇಕರಿ ಬಿಟ್ಟೇಬಿಡಿ ಅಂತ ನಾನು ಹೇಳಲಾರೆ, ನನಗೂ ಆ ಬೆಣ್ಣೆ ಬಿಸ್ಕತ್ತಿನ ವಾಸನೆ ಇಷ್ಟ. ದಿನಾ ಇದ್ದದ್ದನ್ನು ವಾರಕ್ಕೆ ಒಂದು ದಿನ ಮಾಡಿ. ಉಳಿದ ದಿನ ಹುರಿದ ಕಡಲೆಕಾಯಿ, ಮೊಳಕೆ ಹೆಸರುಕಾಳಿನ ಉಸ್ಲಿ, ಒಂದು ಸೀಬೆಹಣ್ಣು, ಬೇಯಿಸಿದ ಮೊಟ್ಟೆ.

ಕಾಫಿ ಬಿಡಬೇಕಾಗಿಲ್ಲ. ಕಾಫಿಯಿಂದಲೇ ಮೊಡವೆ ಬರುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಲೋಟದ ಒಳಗಿನ ಸಕ್ಕರೆ ಎಣಿಸಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ ಹತ್ತು ಚಮಚ, 40ರಿಂದ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಚಮಚವನ್ನು ಅರ್ಧಕ್ಕೆ ಇಳಿಸಿ, ಲೋಟವನ್ನು ಮೂರಕ್ಕೆ. ಬೆಲ್ಲದ ಕಾಫಿಗೂ ಇದೇ ಲೆಕ್ಕ. ಬೆಲ್ಲವೂ ಸಕ್ಕರೆಯೇ.

ಮುದ್ದೆ ತಿಂದರೆ ಮೊಡವೆ ಹೋಗುತ್ತಾ ಅಂತ ಕೇಳಿದವರಿದ್ದಾರೆ. ರಾಗಿಯೂ ಪಿಷ್ಟವೇ, ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ. ಆದರೆ ಮುದ್ದೆಯ ಜೊತೆ ಬರುವುದು ಏನು ನೋಡಿ. ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಉಪ್ಸಾರು, ಅವರೆಕಾಳು. ಕಾಳು, ಸೊಪ್ಪು, ನಾರು ಜೊತೆಗಿದ್ದರೆ ಸಕ್ಕರೆ ನಿಧಾನ ಏರುತ್ತದೆ. ಅಕ್ಕಿ ರೊಟ್ಟಿಗೂ ಒತ್ತು ಶಾವಿಗೆಗೂ ಇದೇ ಮಾತು. ಬರೀ ಸಕ್ಕರೆ, ಬೆಣ್ಣೆ ಜೊತೆ ಬೇಡ, ಕಾಳಿನ ಪಲ್ಯ ಜೊತೆ ತಿನ್ನಿ. ತಟ್ಟೆಯ ಅರ್ಧ ತರಕಾರಿ, ಸೊಪ್ಪು, ಕಾಲು ಭಾಗ ಕಾಳು ಅಥವಾ ಮೊಟ್ಟೆ, ಮೀನು. ಉಳಿದ ಕಾಲು ಭಾಗಕ್ಕೆ ಅನ್ನವೋ ಮುದ್ದೆಯೋ ನಿಮ್ಮಿಷ್ಟ.

ಹಾಲಿನ ವಿಷಯ ಸ್ವಲ್ಪ ಸೂಕ್ಷ್ಮ. ಹಾಲು ಜಾಸ್ತಿ ಕುಡಿಯುವವರಲ್ಲಿ ಮೊಡವೆ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ. ಕೆನೆ ತೆಗೆದ ಹಾಲಿನಲ್ಲೇ ಈ ನಂಟು ಹೆಚ್ಚು ಕಂಡದ್ದೂ ಉಂಟು. ಆದರೆ ನಂಟು ಇದೆ ಅಂದ ಮಾತ್ರಕ್ಕೆ ಅದೇ ಕಾರಣ ಅಂತಲ್ಲ, ಎಲ್ಲರಿಗೂ ಹಾಗಾಗುವುದಿಲ್ಲ. ಬೆಳೆಯುವ ಮಕ್ಕಳಿಗೆ ಏಕಾಏಕಿ ಹಾಲು ನಿಲ್ಲಿಸುವುದು ನನಗೆ ಒಪ್ಪಿಗೆ ಇಲ್ಲ. ಅನುಮಾನ ಇದ್ದರೆ ಹಾಲನ್ನು ದಿನಕ್ಕೆ ಅರ್ಧ ಲೋಟಕ್ಕೆ ಇಳಿಸಿ, ಮಜ್ಜಿಗೆ ಇಟ್ಟುಕೊಂಡು ಮೂರು ತಿಂಗಳು ನೋಡಿ. ವ್ಯತ್ಯಾಸ ಕಾಣದಿದ್ದರೆ ವಾಪಸ್ ಶುರು ಮಾಡಿ. ಕ್ಯಾಲ್ಸಿಯಂಗೆ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಸಿಗುತ್ತದೆ. ಜಿಮ್‌ಗೆ ಹೋಗುವ ಹುಡುಗರು ಮಾತ್ರ ಮೊದಲು ವೇ ಪ್ರೋಟೀನ್ ಡಬ್ಬಿಯನ್ನು ಅನುಮಾನಿಸಿ. ಅದೂ ಹಾಲಿನದ್ದೇ, ಗಟ್ಟಿ ರೂಪ. ಬಿ12 ಇಂಜೆಕ್ಷನ್ ಶುರುವಾದ ಮೇಲೆ ದಿಢೀರ್ ಅಂತ ಮೊಡವೆ ಎದ್ದಿದ್ದರೆ ಅದನ್ನೂ ಡಾಕ್ಟರ್‌ಗೆ ಹೇಳಿ.

ಕರಿದದ್ದು, ಖಾರ, ಮಾವಿನಹಣ್ಣು? ಎಣ್ಣೆ ತಿಂದರೆ ಅದು ನೇರ ಮುಖಕ್ಕೆ ಬರುವುದಿಲ್ಲ. ಚಾಕೊಲೇಟ್ ಬಗ್ಗೆ ಇನ್ನೂ ವಾದ ನಡೆದೇ ಇದೆ. ನೀರು ಬಾಯಾರಿದಷ್ಟು ಕುಡಿಯಿರಿ. ನಾಲ್ಕು ಲೀಟರ್ ಕುಡಿದರೆ ಮೊಡವೆ ತೊಳೆದುಹೋಗುವುದಿಲ್ಲ.

ಆರನೇ ಹೆಜ್ಜೆ: ಡಾಕ್ಟರ್ ಹತ್ತಿರ ಯಾವಾಗ

12 ವಾರ ಬಿಡದೆ ಮಾಡಿದರೂ ಫೋಟೋದಲ್ಲಿ ಬದಲಾವಣೆ ಕಾಣದಿದ್ದರೆ ಹೋಗಿ. ಗಂಟು, ಗುಳಿ ಇದ್ದರೆ ಮೊದಲ ದಿನವೇ ಹೋಗಿ ಅಂತ ಆಗಲೇ ಹೇಳಿದೆ. ಮಗು ಕಾಲೇಜಿಗೆ ಹೋಗಲು ಒಪ್ಪುತ್ತಿಲ್ಲ, ಮಂಕಾಗಿ ಕೂರುತ್ತಿದೆ ಅಂದರೆ ಮುಖದ ಮೇಲೆ ನಾಲ್ಕೇ ಮೊಡವೆ ಇದ್ದರೂ ಕರೆದುಕೊಂಡು ಹೋಗಿ. ಮದುವೆ ಮನೆಯಲ್ಲಿ "ಏನಮ್ಮಾ ಮುಖ ಹೀಗಾಗಿದೆ?" ಅಂತ ಕೇಳುವ ನೆಂಟರಿಗೆ ಅಪ್ಪ ಅಮ್ಮನೇ ಉತ್ತರ ಕೊಡಿ. ಮಗುವಿಗೆ ಬಿಡಬೇಡಿ.

ಡಾಕ್ಟರ್ ಕೆಲವು ವಾರಗಳಿಗೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಡಬಹುದು. ಅದನ್ನು ತುಂಬ ನೀರಿನ ಜೊತೆ ನುಂಗಿ, ನುಂಗಿದ ತಕ್ಷಣ ಮಲಗಬೇಡಿ. ಜೋರು ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಇದೆ. ನನ್ನ ಮೊಡವೆ ಕೊನೆಗೂ ನಿಂತದ್ದು ಅದರಿಂದಲೇ. ಬಹಳ ಬಲವಾದ ಔಷಧಿ. ತುಟಿ ಒಡೆಯುತ್ತದೆ, ಲಿವರ್ ಮತ್ತು ಕೊಬ್ಬಿನ ರಕ್ತ ಪರೀಕ್ಷೆ ಮಾಡಿಸಬೇಕು. ಗರ್ಭಿಣಿ ತೆಗೆದುಕೊಂಡರೆ ಮಗುವಿಗೆ ಗಂಭೀರ ಅಂಗದೋಷ ಆಗುತ್ತದೆ. ಮಾತ್ರೆ ನಡೆಯುವಾಗಲೂ ನಿಲ್ಲಿಸಿದ ಮೇಲೆ ಒಂದು ತಿಂಗಳೂ ಗರ್ಭ ನಿಲ್ಲಬಾರದು. ಗೆಳತಿಯ ಚೀಟಿ ತೋರಿಸಿ ತರುವ ಮಾತ್ರೆ ಇದಲ್ಲ.

ಕಲೆಯ ಬಗ್ಗೆ ಒಂದು ಮಾತು. ಬೆರಳಾಡಿಸಿದಾಗ ಸಮವಾಗಿದ್ದು ಬರೀ ಕಪ್ಪಾಗಿದ್ದರೆ ಅದು ತಿಂಗಳುಗಳಲ್ಲಿ ತಾನೇ ಮಾಸುತ್ತದೆ. ಸನ್‌ಸ್ಕ್ರೀನ್, ಅಡಾಪಲೀನ್ ಅದನ್ನು ಬೇಗ ಮಾಸಿಸುತ್ತವೆ. ಗುಳಿ ಬಿದ್ದಿದ್ದರೆ ಯಾವ ಕ್ರೀಮೂ ತುಂಬುವುದಿಲ್ಲ. ಮೊಡವೆ ಪೂರ್ತಿ ನಿಂತ ಮೇಲೆ ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಮೈಕ್ರೋನೀಡ್ಲಿಂಗ್‌ನಂಥ ಚಿಕಿತ್ಸೆ ಇದೆ, ಅದನ್ನು ಪಾರ್ಲರ್‌ನಲ್ಲಿ ಮಾಡಿಸಬೇಡಿ.

ಅವಳ ಮೂರು ತಿಂಗಳು

ಜುಲೈ ಮೊದಲ ವಾರ ಶುರು ಮಾಡಿದೆವು. ನಾಲ್ಕನೇ ವಾರದ ಫೋಟೋ ಮೊದಲಿಗಿಂತ ಕೆಟ್ಟದಾಗಿತ್ತು. ಎಂಟನೇ ವಾರ ಹಣೆ ತಿಳಿಯಾಗಿತ್ತು, ಕೆನ್ನೆಯಲ್ಲಿ ಹೊಸದು ಏಳುವುದು ಕಡಿಮೆಯಾಗಿತ್ತು. ಹನ್ನೆರಡನೇ ವಾರಕ್ಕೆ ಗದ್ದದ ಮೇಲೆ ಎರಡು, ಎಡಗೆನ್ನೆಯಲ್ಲಿ ಒಂದು. ಕಪ್ಪು ಕಲೆಗಳು ಇನ್ನೂ ಇವೆ, ತಿಳಿಯಾಗುತ್ತಿವೆ.

ಹಾಸನಾಂಬ ದೇವಸ್ಥಾನದ ಬಾಗಿಲು ತೆರೆದಾಗ ಅವಳ ಅಪ್ಪ ಅಮ್ಮ ದರ್ಶನಕ್ಕೆ ಬಂದರು. ಉದ್ದದ ಸಾಲಿನಲ್ಲಿ ನಿಂತಾಗ ನನ್ನ ತಂಗಿ ಫೋನ್ ಎತ್ತಿದಳು. ಹುಡುಗಿ ಹಿಂದೆ ಸರಿಯಲಿಲ್ಲ. ರಾತ್ರಿ ಮನೆಗೆ ಬರುವ ಹೊತ್ತಿಗೆ ಹನ್ನೊಂದಾಗಿತ್ತು, ಎಲ್ಲರೂ ಸುಸ್ತು. ಅವಳು ಮುಖ ತೊಳೆದು, ಒಣಗಲಿ ಅಂತ ಅಡುಗೆಮನೆ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಮೊಡವೆ ಹೋದರೂ ಜೆಲ್ ಬಿಡಬಾರದು, ಬಿಟ್ಟರೆ ಕೊಳವೆಗಳು ಮತ್ತೆ ಕಟ್ಟುತ್ತವೆ ಅಂತ ಹೇಳಿದ್ದೆ. ಕೈಯಲ್ಲಿ ಟ್ಯೂಬ್ ಇತ್ತು.